ಅಟ್ಟದ ಮೇಲೆ ಅಪ್ಪನ ಬೆತ್ತ ಸಿಕ್ಕಿದೆ, ಮಗಳಿಗೆ ಏನು ಹೇಳಲಿ?

ತ್ಯಾಗರಾಜನಗರದವಳು

ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ. ಅಟ್ಟದ ಸಾಮಾನು ಇಳಿಸುವಾಗ ಹಳೇ ಹಾಸಿಗೆ ಸುರುಳಿಯೊಳಗಿಂದ ಒಂದು ಬೆತ್ತ ಜಾರಿ ಕೆಳಗೆ ಬಿತ್ತು. ಎರಡೂವರೆ ಅಡಿ ಇರಬಹುದು. ಹಿಡಿಯುವ ಕಡೆ ಸೈಕಲ್ ಟ್ಯೂಬ್ ಸುತ್ತಿದೆ. ತುದಿ ಸೀಳದ ಹಾಗೆ ತಾಮ್ರದ ತಂತಿ ಬಿಗಿದಿದೆ. ಎಣ್ಣೆ ಹಚ್ಚಿ ಹಚ್ಚಿ ಮೈಯೆಲ್ಲ ಕಪ್ಪಗೆ ಹೊಳೆಯುತ್ತದೆ. ಯಾರೋ ತುಂಬಾ ಜೋಪಾನ ಮಾಡಿದ ವಸ್ತು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ.

ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. 1996ರಲ್ಲಿ 58 ತುಂಬಿ ನಿವೃತ್ತರಾದರು. ಈಗ ಕಿವಿ ಮಂದ, ಉಳಿದಂತೆ ಗಟ್ಟಿ. ಅವರ ಜೊತೆ ಗಾಂಧಿ ಬಜಾರಿಗೆ ತರಕಾರಿಗೆ ಹೋದರೆ ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬೇಕು. ತಲೆ ಬೆಳ್ಳಗಾದ ಗಂಡಸರು ಸ್ಕೂಟರ್ ನಿಲ್ಲಿಸಿ ಬಂದು ಕಾಲು ಮುಟ್ಟುತ್ತಾರೆ. "ನಿಮ್ಮ ಏಟು ಇನ್ನೂ ನೆನಪಿದೆ ಸಾರ್" ಅಂತ ನಗುತ್ತಾ ಅಂಗೈ ತೋರಿಸುತ್ತಾರೆ. ಅಪ್ಪನೂ ನಗುತ್ತಾರೆ. ಅದೇ ಅಪ್ಪ ಮನೆಯಲ್ಲಿ ನನ್ನ ಮೇಲಾಗಲಿ ತಮ್ಮನ ಮೇಲಾಗಲಿ ಒಂದು ದಿನ ಕೈ ಎತ್ತಿದವರಲ್ಲ.

ನನ್ನ ಒಂಬತ್ತು ವರ್ಷದ ಮಗಳು ಬೆತ್ತ ಎತ್ತಿಕೊಂಡು, "ಇದು ತಾತನ ವಾಕಿಂಗ್ ಸ್ಟಿಕ್ಕಾ? ಇಷ್ಟು ಗಿಡ್ಡ ಇದೆಯಲ್ಲ?" ಅಂತ ಕೇಳಿದಳು. ನಾನು ಹೂಂ ಅಂದುಬಿಟ್ಟೆ. ಎರಡು ದಿನದಿಂದ ಆ ಹೂಂ ಗಂಟಲಲ್ಲಿ ಸಿಕ್ಕಿಕೊಂಡಿದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಬೆತ್ತ ಇಟ್ಟುಕೊಳ್ಳಲಾ, ಬಿಸಾಡಲಾ? ನಿಮ್ಮ ಮೇಷ್ಟ್ರುಗಳು ಹೇಗಿದ್ದರು?

ಹಳೇ ಬೆಂಚು

ಬಿಸಾಡಬೇಡಿ ತಾಯಿ. ಆಯುಧ ಪೂಜೆಗೆ ಕುಂಕುಮ ಇಟ್ಟು ಪೂಜೆ ಮಾಡಿ. ತಮಾಷೆಗೆ ಹೇಳುತ್ತಿಲ್ಲ.

ನಾನು ಚಾಮರಾಜಪೇಟೆಯಲ್ಲಿ ಓದಿದವನು. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲ. ಅಪ್ಪ ನನ್ನನ್ನು ಸ್ಕೂಲಿಗೆ ಸೇರಿಸಿದ ದಿನ ಹೆಡ್ ಮೇಷ್ಟ್ರ ಮುಂದೆ ಕೈ ಮುಗಿದು ಹೇಳಿದ್ದು ಒಂದೇ ಮಾತು: "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಾರ್ಸಿ ಸ್ವಾಮಿ." ಮೇಷ್ಟ್ರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಸ್ಕೂಲಲ್ಲಿ ಏಟು ಬಿತ್ತು ಅಂತ ಮನೆಗೆ ಬಂದು ಹೇಳಿದರೆ ಅಲ್ಲಿ ಇನ್ನೆರಡು. ಹಾಗಾಗಿ ಯಾರೂ ಹೇಳುತ್ತಿರಲಿಲ್ಲ. ಸಂಜೆ ಏಳಾದ ಮೇಲೆ ಮೇಷ್ಟ್ರು ಬೀದಿಯಲ್ಲಿ ಬರುತ್ತಿದ್ದಾರೆ ಅಂದರೆ ಗೋಲಿ ಅಲ್ಲೇ ಬಿಟ್ಟು ಕಾಂಪೌಂಡ್ ಹಾರುತ್ತಿದ್ದೆವು.

ಬ್ಯಾಂಕಿನಲ್ಲಿ 36 ವರ್ಷ ಒಂದು ಪೈಸೆ ತಪ್ಪಿಲ್ಲದೆ ಲೆಜರ್ ಬರೆದೆ. ಅದು ಆ ಬೆತ್ತದ ಪುಣ್ಯ. ಸುಮ್ನೆ ಹೇಳಿದರಾ ಹಿರಿಯರು, ದಂಡಂ ದಶಗುಣಂ ಅಂತ? ಈಗಿನ ಮಕ್ಕಳಿಗೆ ಗದರಿದರೆ ಕೌನ್ಸೆಲಿಂಗ್ ಬೇಕು.

ಮಿಲ್ ಸೈರನ್

ಶ್ರೀರಾಮಪುರದ ವಠಾರದಲ್ಲಿ ಬೆಳೆದವಳು ನಾನು. ಹನ್ನೊಂದು ಮನೆ, ಬೀದಿಗೊಂದು ನಲ್ಲಿ. 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ ಬಂತು ಅಂತ ಊರೆಲ್ಲ ಸಂಭ್ರಮ. ನಮ್ಮ ನಲ್ಲಿಗೆ ಮಾತ್ರ ಆ ಸಂಭ್ರಮ ಬಹಳ ದಿನ ತಲುಪಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕೊಡ ಸಾಲಿಗೆ ಇಟ್ಟು ಕಾಯಬೇಕು. ಕೊಡದ ಪಕ್ಕದಿಂದ ಎದ್ದು ಹೋದರೆ ಯಾರಾದರೂ ಅದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಮಿಲ್ಲಿನ ಸೈರನ್ ಕೂಗಿದಾಗ ಅಪ್ಪ ಪಾಳಿಗೆ ಹೋಗುತ್ತಿದ್ದರು. ನಾನು ಕೊನೇ ಕೊಡ ಹೊತ್ತು ಒಳಗಿಟ್ಟು, ಒದ್ದೆ ಲಂಗದಲ್ಲೇ ಸ್ಕೂಲಿಗೆ ಓಡುತ್ತಿದ್ದೆ.

ತಡವಾಗಿ ಬಂದವರಿಗೆ ಗೇಟಿನ ಹತ್ತಿರ ಕೈಗೆ ಎರಡು. ಮಳೆಗಾಲದಲ್ಲೂ ಎರಡು, ಪರೀಕ್ಷೆ ದಿನವೂ ಎರಡು. ಒದ್ದೆ ಕೈ ಮೇಲೆ ಏಟು ಬಿದ್ದರೆ ಉರಿ ಜಾಸ್ತಿ, ಅದಕ್ಕೇ ದಾರಿಯಲ್ಲಿ ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾ ಓಡುತ್ತಿದ್ದೆ. ಲಂಗವೂ ಒದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಆ ಮೇಷ್ಟ್ರು ಕೆಟ್ಟವರಲ್ಲ, ಫೀಸ್ ಕಟ್ಟಲಾಗದ ಇಬ್ಬರಿಗೆ ಕೈಯಿಂದ ಹಾಕಿ ಕಟ್ಟಿದ್ದು ನನಗೆ ಗೊತ್ತು. ಆದರೆ ಆ ನಾಲ್ಕು ವರ್ಷದಲ್ಲಿ ಒಂದು ದಿನವೂ "ಯಾಕಮ್ಮಾ ಲೇಟು?" ಅಂತ ಕೇಳಲಿಲ್ಲ.

ಒಂದು ಸೋಮವಾರ ಅವರೇ ಪ್ರಾರ್ಥನೆ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಬಂದರು. ಬಿಟಿಎಸ್ ಬಸ್ ಸಿಗಲಿಲ್ಲವಂತೆ. ಬಿಟಿಎಸ್ ಅಂದರೆ ‘ಬಿಟ್ಟರೆ ತಿರುಗಿ ಸಿಗಲ್ಲ’ ಅಂತ ಆಗ ಎಲ್ಲರ ಬಾಯಲ್ಲೂ ಇತ್ತಲ್ಲ. ಹಿಂದಿನ ಸಾಲಿನಿಂದ ಯಾರೋ ಅದನ್ನೇ ಮೆಲ್ಲಗೆ ಅಂದರು. ಆವತ್ತು ಇಡೀ ಕ್ಲಾಸಿಗೆ ಎರಡೆರಡು.

ಹೊಂಗೆ ಬರಲು

ಮೇಡಂ, ಕೊನೇ ಸಾಲು ಓದಿ ಕಾಫಿ ಮೂಗಿಗೆ ಹತ್ತಿತು.

ನಾನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಯಾವುದರ ಏಟು ಜಾಸ್ತಿ? ನನ್ನ ಅನುಭವದಲ್ಲಿ ಬೆತ್ತ ಒಳ್ಳೆಯದು, ಬೇಗ ಮುಗಿಯುತ್ತದೆ. ರೂಲುದೊಣ್ಣೆಯಿಂದ ಕೈ ಮಗುಚಿ ಗೆಣ್ಣಿನ ಮೇಲೆ ಕೊಟ್ಟರೆ ಸಂಜೆವರೆಗೂ ಪೆನ್ ಹಿಡಿಯಲಾಗುವುದಿಲ್ಲ. ಹಸಿ ಹುಣಸೆ ಬರಲಿಗೆ ಬಾಸುಂಡೆ ಗ್ಯಾರಂಟಿ. ಮೀನಖಂಡದ ಮೇಲೆ ಬಿದ್ದರಂತೂ ಕೇಳಲೇಬೇಡಿ, ಎಲ್ಲರೂ ಚಡ್ಡಿ ಹಾಕುತ್ತಿದ್ದ ಕಾಲ. ಬೆರಳ ಸಂದಿಗೆ ಪೆನ್ಸಿಲ್ ಇಟ್ಟು ಒತ್ತುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಟ್ಟ.

ಬರಲು ಕಿತ್ತು ತರುವವನು ಏಟು ತಿನ್ನುವವನೇ. ಕಾಂಪೌಂಡಿನ ಹೊಂಗೆ ಮರದಿಂದ ತೆಳ್ಳಗಿನದು ತಂದರೆ "ಇದೇನೋ ಕಡ್ಡಿ" ಅಂತ ವಾಪಸ್ ಕಳಿಸುತ್ತಿದ್ದರು. ದಪ್ಪಗಿನದು ತಂದರೆ ಯಾಕಾದರೂ ತಂದೆನೋ ಅನ್ನಿಸುತ್ತಿತ್ತು.

ಹಳೇ ಬೆಂಚು

ಕೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಿರಲಿಲ್ಲವಾ ನೀವು?

ಹೊಂಗೆ ಬರಲು

ಎಣ್ಣೆ ಹಚ್ಚಿದ್ದು ಗೊತ್ತಾದರೆ ಡಬಲ್. ನಮ್ಮದು ಗರಿಕೆ ಹುಲ್ಲಿನ ವಿದ್ಯೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಬಗ್ಗಿ ಗರಿಕೆಗೆ ಗಂಟು ಹಾಕಿದರೆ ಆ ದಿನ ಮೇಷ್ಟ್ರ ಕೈ ಕಟ್ಟಿಹೋಗುತ್ತದೆ. ಸಂಜೆ ಮರೆಯದೆ ಗಂಟು ಬಿಚ್ಚಬೇಕು. ಗಂಟು ಹಾಕಿದರೂ ಏಟು ಬಿದ್ದ ದಿನ, ಹಿಂದೆ ಬಂದವನು ಯಾರೋ ಬಿಚ್ಚಿಬಿಟ್ಟಿದ್ದಾನೆ ಅಂತ ಜಗಳ.

ಹುಬ್ಬಳ್ಳಿ ಕಡೆಯವ

ನಾನು ಬೆಂಗಳೂರಿಗೆ ಬಂದು 22 ವರ್ಷ. ನಮ್ಮ ಕಡೆ ಮೇಷ್ಟ್ರು ಅನ್ನುವುದಿಲ್ಲ, ಮಾಸ್ತರು. ಟೀಚರಮ್ಮ ಅಂದರೆ ಅಕ್ಕೋರು. "ಛಡಿ ಛಂ ಛಂ, ವಿದ್ಯಾ ಘಂ ಘಂ" ಅಂತ ಹಾಡಿಕೊಂಡೇ ಏಟು ತಿಂದವರು ನಾವು.

ನಮ್ಮಜ್ಜ ಇನ್ನೂ ಹಿಂದಿನವರು, ಕೂಲಿಮಠದಲ್ಲಿ ಅಕ್ಷರ ಕಲಿತವರು. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ತಿದ್ದಬೇಕು. ತಪ್ಪಿದರೆ ಕೋದಂಡ. ಜಂತಿಗೆ ಕಟ್ಟಿದ ಹಗ್ಗವನ್ನು ಹುಡುಗ ಎರಡೂ ಕೈಯಲ್ಲಿ ಹಿಡಿದು ಜೋತು ಬೀಳಬೇಕು. ಕೈ ಸೋತು ಇಳಿಯಲು ನೋಡಿದರೆ ಕೆಳಗೆ ಬರಲು ಹಿಡಿದು ಒಬ್ಬರು ಕಾಯುತ್ತಿರುತ್ತಾರೆ. ಅಜ್ಜ ಅದನ್ನು ಹೇಳುವಾಗ ನಗುತ್ತಿದ್ದರು. ಕೈ ಮಾತ್ರ ತಾನಾಗಿ ಮೇಲಕ್ಕೆ ಹೋಗಿ ಮುಷ್ಟಿ ಕಟ್ಟುತ್ತಿತ್ತು.

ಕಾನೂನು ಕಟ್ಟೆ

ಚರ್ಚೆ ಚೆನ್ನಾಗಿದೆ, ಸ್ವಲ್ಪ ಕಾನೂನನ್ನೂ ಸೇರಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿ. ಅದರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತೆಯೂ ಇಲ್ಲ. ಮೀರಿದರೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಆ ಕಾಯ್ದೆಯಲ್ಲಿ ಮಗು ಅಂದರೆ 6ರಿಂದ 14 ವರ್ಷ. "ಹಾಗಾದ್ರೆ ಹತ್ತನೇ ಕ್ಲಾಸಿನವರಿಗೆ ಹೊಡೀಬಹುದಾ?" ಅಂತ ಒಂದು ಕಾರ್ಯಾಗಾರದಲ್ಲಿ ಒಬ್ಬರು ನನ್ನನ್ನು ನಿಜವಾಗಿಯೂ ಕೇಳಿದರು. ಇಲ್ಲ ಸ್ವಾಮಿ. 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಮೇಲಿನ ಕ್ರೌರ್ಯದ ಬಗ್ಗೆ ಇದೆ, ಅದು 18ರ ಒಳಗಿನ ಎಲ್ಲರಿಗೂ ಅನ್ವಯ.

ಹಿಂದೆ ಮೇಷ್ಟ್ರ ಪರ ನಿಲ್ಲುತ್ತಿದ್ದದ್ದು 1860ರ ದಂಡ ಸಂಹಿತೆಯ 89ನೇ ಸೆಕ್ಷನ್. 12ರ ಒಳಗಿನ ಮಗುವಿನ ಒಳ್ಳೆಯದಕ್ಕೆಂದು, ಪೋಷಕರು ಅಥವಾ ಅವರ ಒಪ್ಪಿಗೆ ಪಡೆದವರು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಅನ್ನುವ ಅರ್ಥದ್ದು. ಹಳೇ ಬೆಂಚಿನ ತಂದೆ "ಕಣ್ಣೆರಡು ಬಿಟ್ಟು" ಅಂದರಲ್ಲ, ಅದೇ ಆ ಒಪ್ಪಿಗೆ ಪತ್ರ. ದಿಲ್ಲಿ ಹೈಕೋರ್ಟ್ 2000ನೇ ಇಸವಿಯಲ್ಲಿ ಅಲ್ಲಿನ ಶಾಲಾ ನಿಯಮದಲ್ಲಿದ್ದ ಬೆತ್ತದ ಅವಕಾಶವನ್ನೇ ತೆಗೆದುಹಾಕಿತು. ಈ ಸಂಹಿತೆ ಕೊಟ್ಟ ಬ್ರಿಟಿಷರು ತಮ್ಮ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಲ್ಲಿಸಿದ್ದು 1987ರಲ್ಲಿ.

ಇನ್ನೊಂದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಶಾಲೆಗೆ ಹೋಗುವ ಮಕ್ಕಳಲ್ಲಿ 65% ಮಂದಿ ಏಟು ತಿಂದಿದ್ದೇವೆ ಅಂದರು. ಮೂವರಲ್ಲಿ ಇಬ್ಬರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ.

ಹೊಂಗೆ ಬರಲು

ಇದ್ದಿದ್ದರೆ ಮೂರನೆಯವನೂ ಕೈ ಎತ್ತುತ್ತಿದ್ದ.

ರಾಮಃ ರಾಮೌ ರಾಮಾಃ

ಹಳೇ ಬೆಂಚು ಅವರೇ, ಕೋಪ ಮಾಡಿಕೊಳ್ಳಬೇಡಿ. ನಾನು 30 ವರ್ಷ ಸಂಸ್ಕೃತ ಪಾಠ ಹೇಳಿದವನು. ದಂಡಂ ದಶಗುಣಂ ಅಂತ ಕೈಯಲ್ಲಿ ಕೋಲು ಹಿಡಿದು ಹೇಳುವ ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಪೂರ್ತಿ ಶ್ಲೋಕ ಹೇಳಿ ಅಂದರೆ ಒಬ್ಬರಿಗೂ ಬರುತ್ತಿರಲಿಲ್ಲ. ಅದು ಹೀಗಿದೆ:

ವಿಶ್ವಾಮಿತ್ರಾಹಿಪಶುಷು ಕರ್ದಮೇಷು ಜಲೇಷು ಚ
ಅಂಧೇ ತಮಸಿ ವಾರ್ಧಕ್ಯೇ ದಂಡಂ ದಶಗುಣಂ ಭವೇತ್

ವಿಶ್ವಾಮಿತ್ರ ಅಂದ ತಕ್ಷಣ ಋಷಿಯನ್ನು ನೆನೆಸಿಕೊಳ್ಳಬೇಡಿ, ಅದು ಬಿಡಿಸಬೇಕಾದ ಒಗಟು. ‘ವಿ’ ಅಂದರೆ ಹಕ್ಕಿ. ‘ಶ್ವ’ ಅಂದರೆ ನಾಯಿ. ‘ಅಮಿತ್ರ’ ಅಂದರೆ ಶತ್ರು. ‘ಅಹಿ’ ಹಾವು. ಆಮೇಲೆ ದನ, ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ಈ ಹತ್ತು ಕಡೆ ಕೋಲು ಉಪಯೋಗಕ್ಕೆ ಬರುತ್ತದೆ ಅಂತ ಶ್ಲೋಕ. ಅಂದರೆ ಇದು ಊರುಗೋಲಿನ ಶ್ಲೋಕ! ಹತ್ತರಲ್ಲಿ ಎಲ್ಲಿಯೂ ಮಗು ಇಲ್ಲ, ಮಗ್ಗಿಯೂ ಇಲ್ಲ. ತ್ಯಾಗರಾಜನಗರದ ಮೇಡಂ, ನಿಮ್ಮ ಮಗಳು ವಾಕಿಂಗ್ ಸ್ಟಿಕ್ ಅಂದಿದ್ದು ಶಾಸ್ತ್ರಸಮ್ಮತವಾಗಿಯೇ ಇದೆ.

ಮಕ್ಕಳಿಗೆ ಹೊಡೆಯುವ ಮಾತು ಬೇರೆ ಶ್ಲೋಕದಲ್ಲಿದೆ, ಇಲ್ಲ ಅನ್ನುವುದಿಲ್ಲ. ಐದು ವರ್ಷ ಮುದ್ದು ಮಾಡು, ಹತ್ತು ವರ್ಷ ದಂಡಿಸು, ಹದಿನಾರಾದ ಮೇಲೆ ಗೆಳೆಯನಂತೆ ನೋಡು ಅಂತ. ಕೊನೆಯ ಭಾಗವನ್ನು ಪಾಲಿಸಿದ ಅಪ್ಪಂದಿರು ನನಗೆ ಜಾಸ್ತಿ ಸಿಕ್ಕಿಲ್ಲ.

ಹಳೇ ಬೆಂಚು

ಶ್ಲೋಕದ ಅರ್ಥ ಒಪ್ಪಿದೆ ಸಾರ್, ಅರವತ್ತೆಂಟನೇ ವಯಸ್ಸಿಗೆ ಕಲಿತೆ. ಆದರೆ ಬೆತ್ತದ ವಿಷಯ ಬಿಟ್ಟುಕೊಡುವುದಿಲ್ಲ. ಏಟು ತಿಂದ ನಾವು ಯಾರಾದರೂ ಕೆಟ್ಟುಹೋದೆವಾ? ಇಲ್ಲಿ ಬರೆಯುತ್ತಿರುವವರನ್ನೇ ನೋಡಿ. ಎಲ್ಲರೂ ಒಂದು ದಡ ಸೇರಿದವರೇ ಅಲ್ವಾ?

ಕಾನ್ವೆಂಟ್ ಜಡೆ

ನನಗೆ ಒಂದು ಏಟೂ ಬಿದ್ದಿಲ್ಲ. ದಂಡು ಪ್ರದೇಶದ ಕಡೆಯ ಹುಡುಗಿಯರ ಶಾಲೆ, ಹೆಸರು ಬೇಡ. ಅಲ್ಲಿ ಬೆತ್ತ ಇರಲಿಲ್ಲ. ಕನ್ನಡ ಮಾತಾಡಿದರೆ 50 ಪೈಸೆ ದಂಡ ಇತ್ತು. ಕ್ಲಾಸ್ ಲೀಡರ್ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಹೆಸರು ಬರೆಯುತ್ತಿದ್ದಳು. ಊಟದ ಬಿಡುವಿನಲ್ಲೂ ಬರೆಯುತ್ತಿದ್ದಳು.

ಒಂದು ದಿನ ಅಜ್ಜಿ ಡಬ್ಬಿ ಕೊಡಲು ಗೇಟಿಗೆ ಬಂದರು. ಬಿಸಿಬೇಳೆಬಾತ್, ಕೈ ಸುಡುತ್ತೆ ಅಂತ ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರದು. ಲೀಡರ್ ಪಕ್ಕದಲ್ಲೇ ನಿಂತಿದ್ದಳು. ಅಜ್ಜಿ ಏನೇನೋ ಕೇಳಿದರು, ನಾನು ಬರೀ ತಲೆ ಆಡಿಸಿದೆ. "ಯಾಕೇ, ಗಂಟಲು ನೋವಾ ಪುಟ್ಟೀ?" ಅಂತ ಹಣೆ ಮುಟ್ಟಿ ನೋಡಿದರು. ಸಂಜೆ ಮನೆಗೆ ಬಂದರೆ ಮೆಣಸಿನ ಕಷಾಯ ಕಾಸಿ ಇಟ್ಟಿದ್ದರು. ನಾನು ಕುಡಿದೆ. ಬಾಸುಂಡೆ ಆಗಿದ್ದರೆ ನಾಲ್ಕು ದಿನಕ್ಕೆ ಮಾಯುತ್ತಿತ್ತೇನೋ.

ನಿವೃತ್ತ ಟೀಚರಮ್ಮ

ಎರಡು ದಿನದಿಂದ ಓದುತ್ತಿದ್ದೇನೆ. ಹೊಡೆದವರ ಕಡೆಯಿಂದಲೂ ಒಬ್ಬರು ಮಾತಾಡಬೇಕು ಅನ್ನಿಸಿತು. ನಾನು ಹೊಡೆದಿದ್ದೇನೆ.

ಟಿಸಿಎಚ್, ಅಂದರೆ ಟೀಚರ್ ಟ್ರೇನಿಂಗ್ ಮಾಡಿ 1984ರಲ್ಲಿ ಕೆಲಸಕ್ಕೆ ಸೇರಿದೆ. ಮಾಗಡಿ ರಸ್ತೆ ಕಡೆಯ ಒಂದು ಶಾಲೆ. ಮೂರು, ನಾಲ್ಕನೇ ಕ್ಲಾಸು ಒಂದೇ ಕೋಣೆಯಲ್ಲಿ, ಒಟ್ಟು 74 ಮಕ್ಕಳು. ಒಂದು ಕಿಟಕಿ, ಅದಕ್ಕೂ ಬಾಗಿಲಿಲ್ಲ. ಹೊರಗಡೆ ಲಾರಿ ಹಾರ್ನ್. ಟ್ರೇನಿಂಗಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿಸಿದ್ದರು, ನನಗೆ ಅದರಲ್ಲಿ ಒಳ್ಳೆಯ ಮಾರ್ಕ್ಸೇ ಬಂದಿತ್ತು. ಮೊದಲ ದಿನ ಹಿರಿಯ ಮೇಷ್ಟ್ರು ಹಾಜರಿ ಪುಸ್ತಕ, ಡಸ್ಟರ್, ಸೀಮೆಸುಣ್ಣದ ಡಬ್ಬಿ, ಒಂದು ಕೋಲು ಇಷ್ಟನ್ನೂ ಒಟ್ಟಿಗೆ ಕೈಗೆ ಕೊಟ್ಟರು. ಕೋಲೂ ಸಾಮಾನಿನ ಪಟ್ಟಿಯಲ್ಲಿ ಇದ್ದ ಹಾಗಿತ್ತು. ಈಗ ಕಾಯ್ದೆಯಲ್ಲಿ ಕಿರಿಯ ಪ್ರಾಥಮಿಕಕ್ಕೆ 30 ಮಕ್ಕಳಿಗೆ ಒಬ್ಬರು ಟೀಚರ್ ಅಂತ ಇದೆ. 74 ಮಕ್ಕಳ ಗದ್ದಲಕ್ಕೆ ನನ್ನ ಗಂಟಲು ಸಾಲುತ್ತಿರಲಿಲ್ಲ. ಕೋಲನ್ನು ಮೇಜಿನ ಮೇಲೆ ಒಂದು ಸಲ ಬಾರಿಸಿದರೆ ನಿಶ್ಶಬ್ದ. ಮೇಜಿನಿಂದ ಮಕ್ಕಳ ಕೈಗೆ ಬರಲು ಎರಡು ವಾರ ಸಾಕಾಯಿತು. ಸುಸ್ತಾದ ದಿನ ಜಾಸ್ತಿ ಹೊಡೆಯುತ್ತಿದ್ದೆ. ಮನೆಯಲ್ಲಿ ಜಗಳವಾದ ದಿನವೂ ಜಾಸ್ತಿ. ಇದನ್ನು ಶಿಸ್ತು ಅಂತ ಹೇಗೆ ಹೇಳಲಿ?

ಆರು ವರ್ಷ ಹೀಗೇ ಹೋಯಿತು. ಒಂದು ದಿನ ಬೋರ್ಡಿನ ಮೇಲೆ ಸೀತಾಫಲದ ಚಿತ್ರ ಬರೆದಿದ್ದೆ, ಅದನ್ನು ಒರೆಸಲು ಡಸ್ಟರ್ ಹಿಡಿದು ಕೈ ಎತ್ತಿದೆ. ಮುಂದಿನ ಸಾಲಿನ ಹುಡುಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಅವನು ಯಾವ ತಪ್ಪೂ ಮಾಡಿರಲಿಲ್ಲ, ನಾನು ಅವನ ಕಡೆ ನೋಡಿಯೂ ಇರಲಿಲ್ಲ. ಒರೆಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಪಕ್ಕದವನು ಮೊಣಕೈಯಿಂದ ತಿವಿದು ಹೇಳಿದ, "ನಿಂಗಲ್ಲ ಕಣೋ, ಬೋರ್ಡಿಗೆ."

ಅವತ್ತೇ ಕೋಲು ಬಿಸಾಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂ ಒಂದು ವರ್ಷ ಇತ್ತು. ಆದರೆ ಹೊಡೆಯುವ ಮುಂಚೆ ಆ ಹುಡುಗ ಕಣ್ಣ ಮುಂದೆ ಬರುತ್ತಿದ್ದ. ಆಮೇಲೆ ಬೇರೆ ದಾರಿ ಕಲಿತೆ. ಗದ್ದಲವಾದರೆ ಮಾತು ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿದ್ದೆ. ಮೊದಮೊದಲು ಹತ್ತು ನಿಮಿಷ ಬೇಕಾಗುತ್ತಿತ್ತು, ಆಮೇಲೆ ಒಂದು ನಿಮಿಷ. ಅತ್ಯಂತ ತುಂಟನಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟೆ. ನಮ್ಮ ಗಂಟೆ ಅಂದರೆ ಮರಕ್ಕೆ ನೇತು ಹಾಕಿದ್ದ ರೈಲು ಕಂಬಿಯ ತುಂಡು. ಸಮಯ ನೋಡುವುದು ಬರಬೇಕಲ್ಲ, ಅದಕ್ಕಾಗಿ ಗಡಿಯಾರ ನೋಡಲು ಒಂದೇ ದಿನದಲ್ಲಿ ಕಲಿತ.

ಮಿಲ್ ಸೈರನ್

ಟೀಚರ್, ನಮ್ಮ ಗೇಟಿನಲ್ಲಿ ನಿಮ್ಮಂಥವರು ಇರಬೇಕಿತ್ತು.

ನಿವೃತ್ತ ಟೀಚರಮ್ಮ

ಮೊದಲ ಆರು ವರ್ಷದಲ್ಲಿ ನಾನಿದ್ದಿದ್ದರೂ ನಿಮಗೆ ಎರಡೇ ಬೀಳುತ್ತಿತ್ತು ಕಣಮ್ಮ.

ಜೆ.ಸಿ. ರೋಡ್

ಹಳೇ ಬೆಂಚು ಸಾರ್ "ಇಲ್ಲಿ ಬರೆಯುತ್ತಿರುವವರನ್ನೇ ನೋಡಿ" ಅಂದರಲ್ಲ, ಅದಕ್ಕೆ ಉತ್ತರ. ಇಲ್ಲಿ ಬರೆಯದವರೂ ಇದ್ದಾರೆ ಸಾರ್. ನಮ್ಮಣ್ಣ ಒಬ್ಬ.

ಅವನಿಗೆ ತೊದಲು. ಎಲ್ಲ ಮಾತಿಗೂ ಅಲ್ಲ, ‘ತ’ ಅಕ್ಷರದಿಂದ ಶುರುವಾಗುವ ಮಾತಿಗೆ ಜಾಸ್ತಿ. ಆರನೇ ಕ್ಲಾಸಿನಲ್ಲಿ ದಿನಾ ಮಗ್ಗಿ ಒಪ್ಪಿಸಬೇಕು. ಹದಿಮೂರರ ಮಗ್ಗಿ ಅವನಿಗೆ ಬಾಯಿಪಾಠ, ರಾತ್ರಿ ಹಾಸಿಗೆಯಲ್ಲಿ ನನಗೇ ಹೇಳಿಕೊಡುತ್ತಿದ್ದ, ಸಲೀಸಾಗಿ. ಕ್ಲಾಸಿನಲ್ಲಿ ಹದಿಮೂರಾರ್ಲ ಎಪ್ಪತ್ತೆಂಟರವರೆಗೆ ಹೋಗುತ್ತಿತ್ತು. ಹದಿಮೂರೇಳ್ಲ ಅಂದು ನಿಲ್ಲುತ್ತಿದ್ದ. ತೊಂಬತ್ತೊಂದು ಬಾಯಿಂದ ಹೊರಗೆ ಬರುತ್ತಿರಲಿಲ್ಲ. "ತ... ತ... ತ..." ಕ್ಲಾಸೆಲ್ಲ ನಗುತ್ತಿತ್ತು. ಮೇಷ್ಟ್ರು ಕಲಿತಿಲ್ಲ ಅಂದುಕೊಂಡರು. ಏಟು ಬಿದ್ದ ಮೇಲೆ ಮರುದಿನ ಹೆದರಿಕೆಗೆ ಇನ್ನೂ ಜಾಸ್ತಿ ತೊದಲು. ಅದಕ್ಕೆ ಇನ್ನೂ ಜಾಸ್ತಿ ಏಟು. ಸ್ಲೇಟಿನ ಮೇಲೆ 91 ಅಂತ ಬರೆದು ತೋರಿಸಿದ್ದಾನೆ ಒಂದು ದಿನ. "ಬಾಯಲ್ಲಿ ಹೇಳೋ" ಅಂದರು.

ದಸರಾ ರಜೆ ಮುಗಿದ ಮೇಲೆ ಹೋಗಲೇ ಇಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತರು. ಹೋಗಲಿಲ್ಲ. ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಸೇರಿದ. ಈಗ ಸ್ವಂತ ಅಂಗಡಿ ಇದೆ, ಚೆನ್ನಾಗಿದ್ದಾನೆ. ದಡ ಸೇರಿದ ಅಂತಲೇ ಬೇಕಾದರೆ ಲೆಕ್ಕ ಹಾಕಿ. ಯಾವ ಗಾಡಿಯ ಯಾವ ಬೇರಿಂಗ್ ಎಷ್ಟು ಅಂತ ಪುಸ್ತಕ ನೋಡದೆ ಹೇಳುತ್ತಾನೆ. ಆದರೆ ಬಿಲ್ಲು ತೊಂಬತ್ತೋ ತೊಂಬತ್ತೈದೋ ಆದರೆ ಬಾಯಿ ಬಿಡುವುದಿಲ್ಲ. ಕ್ಯಾಲ್ಕುಲೇಟರ್ ತಿರುಗಿಸಿ ಗಿರಾಕಿಗೆ ತೋರಿಸುತ್ತಾನೆ. ಮಗನ ಸ್ಕೂಲಿನಲ್ಲಿ ಪೋಷಕರ ಸಭೆ ಇದ್ದ ದಿನ ಅತ್ತಿಗೆಯನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಗೇಟಿನ ಹೊರಗೆ ಗಾಡಿ ಮೇಲೇ ಕೂತಿರುತ್ತಾನೆ. ಒಳಗೆ ಕಾಲಿಟ್ಟವನಲ್ಲ.

ಈ ಚರ್ಚೆಯನ್ನು ಅವನಿಗೆ ತೋರಿಸಿದೆ. ಎರಡು ಸಾಲು ಓದಿ ಫೋನ್ ವಾಪಸ್ ಕೊಟ್ಟ.

ಹಳೇ ಬೆಂಚು

ಓದಿದೆ. ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ನಮ್ಮ ಕ್ಲಾಸಿನಲ್ಲೂ ಏಳನೇ ಕ್ಲಾಸಿಗೆ ಬಿಟ್ಟವರು ಮೂರ್ನಾಲ್ಕು ಜನ ಇದ್ದರು. ನಮ್ಮ ಬ್ಯಾಚಿನವರು ಸೇರಿದಾಗ ಅವರನ್ನು ಯಾರೂ ಕರೆದಿಲ್ಲ. ನಂಬರೂ ಇಲ್ಲ.

ಈಗಿನ ಮಿಸ್

ನಾನು ಈಗ ಪಾಠ ಮಾಡುವವಳು, ವೈಟ್‌ಫೀಲ್ಡ್ ಕಡೆ ಖಾಸಗಿ ಶಾಲೆ. ಬೆತ್ತ ಬೇಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಷ್ಟವನ್ನೂ ಕೇಳಿ. ಹೋಂವರ್ಕ್ ಮಾಡದ ಹುಡುಗನನ್ನು "ನಾಳೆ ಮಾಡ್ಕೊಂಡು ಬಾಪ್ಪ" ಅಂತ ಸ್ವಲ್ಪ ಗಟ್ಟಿಯಾಗಿ ಅಂದೆ. ಮಧ್ಯಾಹ್ನದೊಳಗೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ 140 ಮೆಸೇಜು. ಸಿಸಿಟಿವಿ ತೆಗೆಸಿ ನೋಡಿದರು. ನನ್ನ ದನಿ ಎಷ್ಟು ಎತ್ತರ ಅನ್ನುವುದರ ಮೇಲೆ ಮೀಟಿಂಗ್. ಅದೇ ಹುಡುಗನಿಗೆ ಸಂಜೆ ಟ್ಯೂಷನ್ನಿನಲ್ಲಿ ಸ್ಕೇಲಿನಿಂದ ಬೀಳುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ, ರಿಸಲ್ಟ್ ಬರುತ್ತಲ್ಲ!

ಹೆದರಿಸುವುದನ್ನು ಬಿಟ್ಟೆವು, ಒಳ್ಳೆಯದಾಯಿತು. ಅದರ ಜಾಗದಲ್ಲಿ ಏನು ಇಡಬೇಕು ಅಂತ ನಮಗೆ ಯಾರೂ ಸರಿಯಾಗಿ ಕಲಿಸಲಿಲ್ಲ. ಟೀಚರಮ್ಮ, ಆ ಒಂದು ನಿಮಿಷ ಸುಮ್ಮನೆ ನಿಲ್ಲುವುದನ್ನು ನಾಳೆ ಮಾಡಿ ನೋಡುತ್ತೇನೆ.

ಬುಧವಾರದ ಶ್ರೋತೃ

ಎಚ್. ನರಸಿಂಹಯ್ಯನವರನ್ನು ಯಾರೂ ನೆನೆಯಲಿಲ್ಲವಲ್ಲ? ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಪ್ರಿನ್ಸಿಪಾಲರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮದುವೆಯಾಗದೆ, ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ನಾನು ಹೋಗುತ್ತಿದ್ದೆ. ಹೇಳಿದ ಹೊತ್ತಿಗೆ ಶುರು. ಸಭಿಕರು ನಾಲ್ಕೇ ಜನ ಇದ್ದರೂ ಶುರು. ತಡವಾಗಿ ಹೋದರೆ ಯಾರೂ ಬೈಯುತ್ತಿರಲಿಲ್ಲ, ಆದರೂ ಹಿಂದಿನ ಸಾಲಿನಲ್ಲಿ ಕೂರುವಾಗ ನಾಚಿಕೆಯಾಗುತ್ತಿತ್ತು. ಅಷ್ಟು ಶಿಸ್ತಿನ ಮನುಷ್ಯ ಹುಡುಗರಿಗೆ ಹೇಳಿಕೊಟ್ಟದ್ದು ಮಾತ್ರ ಪ್ರಶ್ನೆ ಕೇಳುವುದನ್ನು. ಬೆತ್ತ ಹಿಡಿದ ಮೇಷ್ಟ್ರ ಕ್ಲಾಸಿನಲ್ಲಿ ನಾನು ಹತ್ತು ವರ್ಷ ಕೂತಿದ್ದೇನೆ, ಒಂದು ಪ್ರಶ್ನೆ ಕೇಳಿಲ್ಲ.

ತ್ಯಾಗರಾಜನಗರದವಳು

ಎಲ್ಲರಿಗೂ ನಮಸ್ಕಾರ. ನಿನ್ನೆ ಅಪ್ಪನ ಮುಂದೆ ಬೆತ್ತ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಟ್ಯೂಬು ಇನ್ನೂ ಗಟ್ಟಿ ಇದೆ" ಅಂದರು. ಆಮೇಲೆ ಈ ಚರ್ಚೆಯನ್ನು ಓದಿ ಹೇಳಿದೆ. ಕಿವಿ ಮಂದ ಅಂದೆನಲ್ಲ, ಜೋರಾಗಿ ಓದಬೇಕು, ಪಕ್ಕದ ಮನೆಯವರಿಗೂ ಪುಕ್ಕಟೆ ಕೇಳಿಸಿತು. ಶ್ಲೋಕಕ್ಕೆ ಗೊಳ್ಳೆಂದು ನಕ್ಕರು. ಟೀಚರಮ್ಮನ 74 ಮಕ್ಕಳಿಗೆ, "ನಂಗೆ 68" ಅಂದರು. ಜೆ.ಸಿ. ರೋಡ್ ಅವರು ಬರೆದದ್ದು ಓದಿದಾಗ ಏನೂ ಹೇಳಲಿಲ್ಲ. ಕಾಫಿ ಆರಿಹೋಯಿತು. ಆಮೇಲೆ, "ಆ ಹುಡುಗ ಯಾವ ಸ್ಕೂಲು? ಕೇಳು" ಅಂದರು. ರಾತ್ರಿ ಊಟಕ್ಕೆ ಕೂತಾಗ ಮತ್ತೆ, "ಕೇಳಿದ್ಯಾ?"

ಜೆ.ಸಿ. ರೋಡ್

ಮೇಡಂ, ಅದು ನಿಮ್ಮ ತಂದೆಯವರು ಇದ್ದ ಶಾಲೆ ಇರಲಾರದು. ನಮ್ಮದು ಕಲಾಸಿಪಾಳ್ಯದ ಕಡೆ, ಪ್ರೈಮರಿ. ಅವರಿಗೆ ಹೇಳಿಬಿಡಿ.

ತ್ಯಾಗರಾಜನಗರದವಳು

ಹೇಳಿದೆ. ತಲೆ ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ನನ್ ಕ್ಲಾಸಲ್ಲೂ ಒಬ್ಬ ತೊದಲೋನಿದ್ದ" ಅಂದು ಸುಮ್ಮನಾದರು. ನಾನೂ ಕೆದಕಲಿಲ್ಲ.

ಮಗಳಿಗೆ ನಾನು ಹೇಳುವ ಅಗತ್ಯವೇ ಬರಲಿಲ್ಲ. ಬೆಳಗ್ಗೆ ಅವರೇ ಕರೆದು ಹೇಳಿದರು, "ಇದು ವಾಕಿಂಗ್ ಸ್ಟಿಕ್ ಅಲ್ಲ ಕಣೇ. ಇದರಲ್ಲಿ ಹುಡುಗರಿಗೆ ಹೊಡೀತಿದ್ದೆ."

"ಯಾಕೆ ತಾತ?"

"ಲೆಕ್ಕ ಬರ್ತಿರ್ಲಿಲ್ಲ ಅವಕ್ಕೆ."

"ಹೊಡೆದ್ಮೇಲೆ ಬಂತಾ?"

"ಕೆಲವರಿಗೆ ಬಂತು."

"ಮಿಕ್ಕೋರಿಗೆ?"

ಅಪ್ಪ ಪೇಪರ್ ಎತ್ತಿಕೊಂಡರು. ಅವಳು ಇನ್ನೂ ಅಲ್ಲೇ ನಿಂತಿದ್ದಳು.

ಬೆತ್ತದ ವಿಷಯ ಕೇಳುತ್ತಿದ್ದಿರಲ್ಲ, ಇಟ್ಟುಕೊಳ್ಳುವುದೋ ಬಿಸಾಡುವುದೋ ಅಂತ ನಾವು ತೀರ್ಮಾನ ಮಾಡುವ ಮುಂಚೆಯೇ ಅಮ್ಮ ತೆಗೆದುಕೊಂಡು ತಾರಸಿಗೆ ಹೋಗಿದ್ದಾರೆ. ಸಂಡಿಗೆ ಒಣಹಾಕಿದ್ದಾರೆ, ಕಾಗೆ ಕಾಟ. ಕುರ್ಚಿ ಹಾಕಿಕೊಂಡು, ತಲೆ ಮೇಲೆ ಟವಲ್ ಹೊದ್ದು, ಕೈಯಲ್ಲಿ ಬೆತ್ತ ಹಿಡಿದು ಕೂತಿದ್ದಾರೆ.

ರಾಮಃ ರಾಮೌ ರಾಮಾಃ

ವಿ ಅಂದರೆ ಹಕ್ಕಿ! ಹತ್ತರಲ್ಲಿ ಮೊದಲನೆಯದೇ ಆಯಿತು.

ಹಳೇ ಬೆಂಚು

ಅಕ್ಕಿ ಸಂಡಿಗೆಯೋ ಅರಳು ಸಂಡಿಗೆಯೋ ಮೇಡಂ?

ತ್ಯಾಗರಾಜನಗರದವಳು

ಅರಳು ಸಂಡಿಗೆ, ಬೂದುಗುಂಬಳ ತುರಿದು ಹಾಕಿದ್ದು. ಇನ್ನೂ ಎರಡು ಬಿಸಿಲು ಬೇಕು.